ಲೆಡ್ಜರ್, ಪಹಣಿ, ಶರ್ಟಿನ ಕಾಲರ್

ಐಟಿಯಲ್ಲಿ ಇಷ್ಟು ವರ್ಷ ಏನು ಕೆಲಸ ಮಾಡಿದಿರಿ ಅಂತ ಯಾರಾದರೂ ಕೇಳಿದರೆ ನನ್ನ ರೆಸ್ಯೂಮೆ ಒಂದು ಉತ್ತರ ಕೊಡುತ್ತದೆ. ಡಿಬೇಸ್, ಫಾಕ್ಸ್‌ಪ್ರೊ, ಯುನಿಕ್ಸ್, ಕೋಬಾಲ್, ಒರಾಕಲ್, ಜಾವಾ, ಕೊನೆಗೆ ಕ್ಲೌಡ್. ಪಟ್ಟಿ ಸರಿಯಾಗಿಯೇ ಇದೆ. ಆದರೆ ಅದನ್ನು ಓದಿದವರಿಗೆ ನನ್ನ ದಿನಗಳು ಹೇಗೆ ಕಳೆದವು ಅಂತ ಗೊತ್ತಾಗುವುದಿಲ್ಲ.

ಆ ಪಟ್ಟಿಯಲ್ಲಿ ಇಲ್ಲದ ಎಷ್ಟೋ ವಿಷಯ ನನಗೆ ಗೊತ್ತು. ಉಳಿತಾಯ ಖಾತೆಗೆ ಹಿಂದೆ ಯಾವ ಲೆಕ್ಕದಲ್ಲಿ ಬಡ್ಡಿ ಹಾಕುತ್ತಿದ್ದರು ಅಂತ ಗೊತ್ತು. ಪಹಣಿಯಲ್ಲಿ ಖರಾಬು ಜಮೀನನ್ನು ಯಾಕೆ ಬೇರೆ ತೋರಿಸುತ್ತಾರೆ ಅಂತ ಗೊತ್ತು. ಹೊಲಿಯುವ ಮೊದಲು ಶರ್ಟಿನ ಕಾಲರಿಗೂ ತೋಳಿಗೂ ಒಂದೇ ನಂಬರಿನ ಚೀಟಿ ಯಾಕೆ ಅಂಟಿಸುತ್ತಾರೆ ಅಂತ ಗೊತ್ತು. ಇವನ್ನು ನನಗೆ ಕಾಲೇಜು ಕಲಿಸಲಿಲ್ಲ. ಪ್ರೋಗ್ರಾಂ ಬರೆಯಲು ಹೋದ ಕಡೆಯಲ್ಲೆಲ್ಲ ಆ ಕೆಲಸ ಮಾಡುತ್ತಿದ್ದವರು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಟ್ಟರು. ಕಂಪ್ಯೂಟರ್ ಕೆಲಸ ಅಂದರೆ ಮುಖ್ಯವಾಗಿ ಬೇರೆಯವರ ಕೆಲಸ ಕಲಿಯುವುದು ಅಂತ ನಾನು ನಂಬಿದ್ದೇನೆ. ಈ ವೃತ್ತಿ ನನಗೆ ಕೊಟ್ಟ ದೊಡ್ಡ ಭಾಗ್ಯವೂ ಅದೇ. ಅದನ್ನು ಸ್ವಲ್ಪ ವಿವರವಾಗಿ ಬರೆಯಬೇಕು ಅಂತ ಬಹಳ ದಿನದಿಂದ ಆಸೆಯಿತ್ತು.

ನಾನು ಕೆಲಸಕ್ಕೆ ಸೇರಿದ್ದು 1980ರ ದಶಕದ ಕೊನೆಯಲ್ಲಿ, ಬೆಂಗಳೂರಿನ ಒಂದು ಸಣ್ಣ ಕಂಪನಿಯಲ್ಲಿ. ಅಮೆರಿಕದ ಚಿಪ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನವರು 1985ರಲ್ಲಿ ಬೆಂಗಳೂರಿಗೆ ಬಂದಿದ್ದರು. ಅವರ ಉಪಗ್ರಹದ ಡಿಶ್ ಎತ್ತಿನ ಗಾಡಿಯಲ್ಲಿ ಬಂತು ಅನ್ನುವ ಕಥೆ ನಾವೆಲ್ಲ ಕೇಳಿದ್ದೆವು. ಆದರೆ ಅಂಥ ಕೆಲಸ ಕೆಲವರಿಗೆ ಮಾತ್ರ. ನಮ್ಮಂಥವರಿಗೆ ಸಿಗುತ್ತಿದ್ದದ್ದು ಬ್ಯಾಂಕು, ಕಾರ್ಖಾನೆ, ಸರ್ಕಾರಿ ಕಚೇರಿಗಳ ಕೆಲಸ. ಬ್ಯಾಂಕುಗಳಲ್ಲಿ ಕಂಪ್ಯೂಟರ್ ಹೇಗೆ ತರಬೇಕು ಅಂತ ರಿಸರ್ವ್ ಬ್ಯಾಂಕಿನ ಸಿ. ರಂಗರಾಜನ್ ಸಮಿತಿ 1984ರಲ್ಲಿ ವರದಿ ಕೊಟ್ಟಿತ್ತು. ಅದಾದ ಮೇಲೆ ಶಾಖೆಗಳಿಗೆ ಲೆಡ್ಜರ್ ಪೋಸ್ಟಿಂಗ್ ಯಂತ್ರಗಳು ಬರತೊಡಗಿದವು. ಹೆಸರು ಏನೇ ಇರಲಿ, ಅದು ಕಂಪ್ಯೂಟರೇ. ಅದರೊಳಗಿನ ಸಾಫ್ಟ್‌ವೇರ್ ನೋಡಿಕೊಳ್ಳುವುದು ನನ್ನ ಕೆಲಸ. ಮಲೆನಾಡಿನ ಕಡೆಯ ಶಾಖೆಗಳಿಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಕೈಚೀಲದಲ್ಲಿ ಐದೂಕಾಲು ಇಂಚಿನ ಫ್ಲಾಪಿಗಳು.

ಶಾಖೆಗಳಲ್ಲಿ ನಮ್ಮನ್ನು ಯಾರೂ ಆರತಿ ಎತ್ತಿ ಸ್ವಾಗತಿಸಲಿಲ್ಲ. ಈ ಯಂತ್ರ ಬಂದರೆ ನಮ್ಮ ಮಕ್ಕಳಿಗೆ ಬ್ಯಾಂಕಿನಲ್ಲಿ ಕೆಲಸ ಸಿಗುತ್ತದಾ ಅಂತ ನೇರವಾಗಿ ಕೇಳುತ್ತಿದ್ದರು. ನ್ಯಾಯವಾದ ಪ್ರಶ್ನೆ. ನನ್ನ ಬಳಿ ಉತ್ತರ ಇರಲಿಲ್ಲ. ಹಾಗಿದ್ದರೂ ಒಬ್ಬ ಹಿರಿಯ ಗುಮಾಸ್ತರು ನನಗೆ ಕಲಿಸಿದಷ್ಟು ಇನ್ಯಾರೂ ಕಲಿಸಲಿಲ್ಲ. "ನೋಡಮ್ಮ, ಮೊದಲು ನಿನ್ನ ಯಂತ್ರ ಆ ಕಡೆ ಇಡು. ಈ ಲೆಡ್ಜರ್ ಓದು" ಅಂದರು. ಸಂಜೆ ಕೌಂಟರ್ ಮುಚ್ಚಿದ ಮೇಲೆ ವೋಚರ್, ಡೇ ಬುಕ್, ಜನರಲ್ ಲೆಡ್ಜರ್ ಒಂದೊಂದಾಗಿ ತೆರೆದು ತೋರಿಸಿದರು.

ಉಳಿತಾಯ ಖಾತೆಯ ಬಡ್ಡಿಯ ನಿಯಮ ಗೊತ್ತಾಗಿದ್ದು ಆಗಲೇ. ತಿಂಗಳ 10ನೇ ತಾರೀಖಿನಿಂದ ಕೊನೆಯ ದಿನದವರೆಗೆ ಖಾತೆಯಲ್ಲಿ ಅತಿ ಕಡಿಮೆ ಎಷ್ಟು ಹಣ ಇತ್ತೋ ಅಷ್ಟಕ್ಕೆ ಮಾತ್ರ ಆ ತಿಂಗಳ ಬಡ್ಡಿ. 11ಕ್ಕೆ ದೊಡ್ಡ ಮೊತ್ತ ಕಟ್ಟಿದರೂ ಆ ತಿಂಗಳು ಅದಕ್ಕೆ ಏನೂ ಇಲ್ಲ. ತಿಂಗಳಿಡೀ ಇಟ್ಟು 28ಕ್ಕೆ ತೆಗೆದರೂ ಇಲ್ಲ. ಗೊತ್ತಿದ್ದವರು 10ರೊಳಗೆ ಬಂದು ಕಟ್ಟುತ್ತಿದ್ದರು. ಗೊತ್ತಿಲ್ಲದವರು ಕಳೆದುಕೊಳ್ಳುತ್ತಿದ್ದರು. ಪ್ರತಿಯೊಂದು ಖಾತೆಗೂ ಗುಮಾಸ್ತರು ಇದನ್ನು ಕಣ್ಣಲ್ಲೇ ನೋಡಿ, ತಿಂಗಳ ಮೊತ್ತ ಬರೆದು, ಅರ್ಧ ವರ್ಷಕ್ಕೊಮ್ಮೆ ಕೂಡಿ ಬಡ್ಡಿ ಹಾಕುತ್ತಿದ್ದರು. ನನ್ನ ಪ್ರೋಗ್ರಾಂ ಮಾಡಬೇಕಿದ್ದದ್ದು ಇದನ್ನೇ.

ಅವರು ಹೇಳಿಕೊಟ್ಟ ಇನ್ನೊಂದು ಮಾತು ಇವತ್ತಿಗೂ ನನಗೆ ದಿನಬಳಕೆಯದು. ಲೆಕ್ಕ ತಾಳೆಯಾಗದಿದ್ದರೆ ವ್ಯತ್ಯಾಸವನ್ನು 9ರಿಂದ ಭಾಗಿಸಿ ನೋಡಬೇಕು. ಶೇಷ ಉಳಿಯದಿದ್ದರೆ ಎಲ್ಲೋ ಅಂಕಿ ಅದಲುಬದಲಾಗಿರುವ ಸಂಭವ ಜಾಸ್ತಿ. 8,230 ಬರೆಯುವ ಕಡೆ 2,830 ಬಿದ್ದರೆ ವ್ಯತ್ಯಾಸ 5,400. ಒಂಬತ್ತಾರಲಿ ಐವತ್ತನಾಲ್ಕು. ಹಾಗಾಗದಿದ್ದರೆ ವ್ಯತ್ಯಾಸದ ಅರ್ಧ ಮಾಡಿ ಆ ಮೊತ್ತದ ವೋಚರ್ ಹುಡುಕಬೇಕು. ಜಮಾ ಆಗಬೇಕಾದದ್ದು ಖರ್ಚಿಗೆ ಬಿದ್ದಿರಬಹುದು. ಶಾಖೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಉಪಾಯ ಇದು. ನನಗೆ ಮಾತ್ರ ಹೊಸದು. ಒಂದು ಸಂಖ್ಯೆ ತಪ್ಪಾಗಿದೆ ಅಂದರೆ ಅದರ ಹಿಂದೆ ಒಂದು ಕೈ ಇದೆ, ಆ ಕೈ ತಪ್ಪು ಮಾಡುವುದಕ್ಕೂ ಒಂದು ರೀತಿ ಇದೆ. ಎಷ್ಟೋ ವರ್ಷದ ನಂತರ ದೊಡ್ಡ ದೊಡ್ಡ ಡೇಟಾಬೇಸ್‌ಗಳ ಮುಂದೆ ಕೂತಾಗಲೂ ನಾನು ಮೊದಲು ಯೋಚಿಸುವುದು ಈ ದಾರಿಯಲ್ಲೇ.

ಮದುವೆ, ಮಗಳು, ಸ್ವಲ್ಪ ಕಾಲ ಮನೆ. ಮತ್ತೆ ಕೆಲಸ ಹುಡುಕುವ ಹೊತ್ತಿಗೆ ಬೆಂಗಳೂರೇ ಬೇರೆಯಾಗಿತ್ತು. ಕೇಂದ್ರ ಸರ್ಕಾರದ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ಸ್ ಸಂಸ್ಥೆ 1991ರಲ್ಲಿ ಶುರುವಾಗಿತ್ತು. ಅವರ ಉಪಗ್ರಹ ಸಂಪರ್ಕ ಬಾಡಿಗೆಗೆ ಸಿಗುತ್ತಿತ್ತು. 64 ಕೆಬಿಪಿಎಸ್ ಅಂದರೆ ಆಗ ದೊಡ್ಡ ವೇಗ. ಆ ಸಣ್ಣ ಎಳೆಯ ಮೇಲೆ ಅಮೆರಿಕದ ಮೇನ್‌ಫ್ರೇಮ್ ಕಂಪ್ಯೂಟರಿನ ಹಸಿರು ಪರದೆ ನಮ್ಮ ಮೇಜಿನ ಮೇಲೆ ಮೂಡುತ್ತಿತ್ತು. 2000ನೇ ಇಸವಿಯ ಸಮಸ್ಯೆ ಹತ್ತಿರ ಬರುತ್ತಿದ್ದ ಕಾಲ. ಕೋಬಾಲ್ ಅನ್ನುವ ಹಳೆಯ ಕಂಪ್ಯೂಟರ್ ಭಾಷೆ ಬಲ್ಲವರು ಎಲ್ಲರಿಗೂ ಬೇಕಾಗಿದ್ದರು. ನಾನೂ ಕಲಿತು ಸೇರಿಕೊಂಡೆ.

ಈ ವೈಟುಕೆ ಕೆಲಸದ ಬಗ್ಗೆ ಜನ ಹಗುರವಾಗಿ ಮಾತಾಡುವುದು ಕೇಳಿ ನನಗೆ ನಿಜವಾಗಿಯೂ ಬೇಜಾರಾಗುತ್ತದೆ. 19 ಅಂತ ಸೇರಿಸುವುದು ತಾನೇ, ಅದಕ್ಕೇಕೆ ಅಷ್ಟು ಗಲಾಟೆ ಅನ್ನುತ್ತಾರೆ. 80 ಕಾಲಮ್‌ನ ಪಂಚ್ ಕಾರ್ಡಿನ ಕಾಲದಲ್ಲಿ ಜಾಗ ಉಳಿಸಲು ಇಸವಿಯನ್ನು ಎರಡೇ ಅಂಕಿಯಲ್ಲಿ ಬರೆದರು. ಆ ಅಭ್ಯಾಸ ಡಿಸ್ಕ್ ಅಗ್ಗವಾದ ಮೇಲೂ ಮುಂದುವರಿಯಿತು. ಹಾಗಾಗಿ 2000 ಬಂದಾಗ ಕಂಪ್ಯೂಟರ್ 00 ಅನ್ನು 1900 ಅಂತ ತಿಳಿಯುವ ಅಪಾಯವಿತ್ತು. ಸರಿಪಡಿಸಲು ಒಂದು ಸುಲಭ ದಾರಿ ಇತ್ತು. 00ರಿಂದ 49ರವರೆಗೆ ಬಂದರೆ 2000ದ ಶತಮಾನ, 50ರಿಂದ 99 ಬಂದರೆ 1900ರ ಶತಮಾನ ಅಂತ ಪ್ರೋಗ್ರಾಮಿಗೆ ಹೇಳುವುದು. ಬಿಲ್ಲಿನ ತಾರೀಖಿಗೆ ಇದು ಸಾಕು. ನಾವು ಮಾಡುತ್ತಿದ್ದದ್ದು ಜೀವವಿಮೆ ಮತ್ತು ಪಿಂಚಣಿಯ ಪ್ರೋಗ್ರಾಂಗಳು. ಅಲ್ಲಿ 1897ರಲ್ಲಿ ಹುಟ್ಟಿದ ಅಜ್ಜಿಯೊಬ್ಬರು ಇನ್ನೂ ಪಿಂಚಣಿ ಪಡೆಯುತ್ತಿರಬಹುದು. ಅವರ ಹುಟ್ಟಿದ ವರ್ಷ 97. ಈ ಸುಲಭ ದಾರಿ ಹಿಡಿದರೆ ಅವರು ಆಗತಾನೇ ಹುಟ್ಟಿದ ಮಗು. ಪಿಂಚಣಿ ನಿಂತುಹೋಗುತ್ತದೆ.

ಇನ್ನೂ ಒಂದು ತೊಡಕು. ಎಷ್ಟೋ ಕಡೆ 99 ಅನ್ನುವುದು ಇಸವಿಯೇ ಆಗಿರಲಿಲ್ಲ. ಹಿಂದೆ ಯಾರೋ "ಈ ಪಾಲಿಸಿಗೆ ಕೊನೆಯ ದಿನಾಂಕ ಇಲ್ಲ" ಅನ್ನುವುದಕ್ಕೆ 99 ಹಾಕಿದ್ದರು. ಅದನ್ನು 1999 ಅಂತ ತಿಳಿದರೆ ಆಜೀವ ಪಾಲಿಸಿಗಳೆಲ್ಲ ಒಂದೇ ರಾತ್ರಿ ಮುಗಿದುಹೋಗುತ್ತವೆ. ಇದು ಕೋಡ್ ನೋಡಿದರೆ ತಿಳಿಯುವುದಿಲ್ಲ. ಆ ಕಡೆಯ ವಿಮಾ ವಿಭಾಗದ ಒಬ್ಬ ಹಿರಿಯ ಹೆಂಗಸು ಫೋನಿನಲ್ಲಿ ಒಂದೊಂದೇ ಬಗೆಯ ಪಾಲಿಸಿಯನ್ನು ವಿವರಿಸಿದರು. ನಮಗೆ ರಾತ್ರಿ, ಅವರಿಗೆ ಬೆಳಿಗ್ಗೆ. ನಾನು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಬರೆದುಕೊಳ್ಳುತ್ತಿದ್ದೆ. ಬೇಗ ಬರೆಯಲು ನನಗೆ ಅದೇ ಸಲೀಸು. ಅವರಿಂದ ಕಲಿತ ವಿಮೆಯ ಲೆಕ್ಕ ನನ್ನ ಸ್ವಂತ ಪಾಲಿಸಿ ಓದುವುದಕ್ಕೂ ಕೆಲಸಕ್ಕೆ ಬಂತು.

1999ರ ಡಿಸೆಂಬರ್ 31ರಂದು ನಾವೆಲ್ಲ ಆಫೀಸಿನಲ್ಲೇ ಇದ್ದೆವು. ನ್ಯೂಜಿಲೆಂಡಿನಲ್ಲಿ ಹೊಸ ವರ್ಷ ಬಂದಾಗ ಟಿವಿಯ ಮುಂದೆ ಸೇರಿದೆವು. ಏನೂ ಆಗಲಿಲ್ಲ. ಮರುದಿನವೂ ಏನೂ ಆಗಲಿಲ್ಲ. ಫೆಬ್ರುವರಿ 29ಕ್ಕೆ ಇನ್ನೊಂದು ಕಾವಲು, ಯಾಕೆಂದರೆ 100ರಿಂದ ಭಾಗವಾಗುವ ವರ್ಷ ಅಧಿಕ ವರ್ಷವಲ್ಲ, ಆದರೆ 400ರಿಂದ ಭಾಗವಾದರೆ ಹೌದು ಅನ್ನುವ ನಿಯಮದ ಎರಡನೇ ಭಾಗ ಕೆಲವು ಪ್ರೋಗ್ರಾಂಗಳಲ್ಲಿ ಬಿಟ್ಟುಹೋಗಿತ್ತು. ಆ ದಿನವೂ ಸುಸೂತ್ರವಾಗಿ ಕಳೆಯಿತು. ಸಾವಿರಾರು ಜನ ಸಾಲು ಸಾಲು ಕೋಡ್ ಓದಿ ಸರಿಪಡಿಸಿದ್ದಕ್ಕೇ ಏನೂ ಆಗಲಿಲ್ಲ. ಆ ಸಾವಿರಾರು ಜನರಲ್ಲಿ ನಮ್ಮ ಊರಿನವರು ಎಷ್ಟೋ ಮಂದಿ ಇದ್ದರು. ಅವರ ಬಗ್ಗೆ ನನಗೆ ಹೆಮ್ಮೆ ಇದೆ.

ಆ ಕೆಲಸ ಮುಗಿದ ಮೇಲೆ ಕೋಬಾಲ್ ಯಾರಿಗೂ ಬೇಡವಾಯಿತು. ಡಾಟ್‌ಕಾಂ ಕುಸಿತವೂ ಬಂತು, ಇಂಟರ್‌ನೆಟ್ ಕಂಪನಿಗಳು ಒಂದರ ಹಿಂದೆ ಒಂದು ಮುಳುಗಿದವು. ಅಮೆರಿಕಕ್ಕೆ ಹೋಗಿದ್ದ ಗೆಳತಿಯರು ವಾಪಸ್ ಬಂದರು. ನನಗೆ ಸಿಕ್ಕ ಮುಂದಿನ ಕೆಲಸವನ್ನು ಹಳೆಯ ಸಹೋದ್ಯೋಗಿಗಳು ಒಂದು ಮೆಟ್ಟಿಲು ಕೆಳಗೆ ಇಳಿದಂತೆ ನೋಡಿದರು. ಜಮೀನಿನ ದಾಖಲೆಗಳನ್ನು ಕಂಪ್ಯೂಟರಿಗೆ ಸೇರಿಸುತ್ತಿದ್ದ ಒಂದು ಡೇಟಾ ಎಂಟ್ರಿ ಗುತ್ತಿಗೆ ಸಂಸ್ಥೆಯಲ್ಲಿ ಮೇಲ್ವಿಚಾರಣೆ. ನನ್ನ ಇಡೀ ಕೆಲಸದ ಬದುಕಿನಲ್ಲಿ ಯಾವುದನ್ನು ಮತ್ತೆ ಮಾಡುತ್ತೀಯ ಅಂತ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ಕರ್ನಾಟಕದ ಭೂಮಿ ಯೋಜನೆ ಅದು. ಸುಮಾರು 67 ಲಕ್ಷ ಹಿಡುವಳಿದಾರರ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹಾಕಬೇಕಿತ್ತು. ಸಾಫ್ಟ್‌ವೇರ್ ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಸ್ಥೆ ಎನ್‌ಐಸಿಯವರದು. ಅದಕ್ಕೂ ಮೊದಲು ಪಹಣಿ ಇದ್ದದ್ದು ಗ್ರಾಮ ಲೆಕ್ಕಿಗರ ಪುಸ್ತಕದಲ್ಲಿ, ಅವರ ಕೈಬರಹದಲ್ಲಿ. ರೈತರು ಅವರನ್ನು ಹುಡುಕಿಕೊಂಡು ಹೋಗಬೇಕಿತ್ತು. ಗಣಕೀಕರಣ ಆದ ಮೇಲೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು. ಹೆಸರು ಬದಲಾವಣೆಯ ಅರ್ಜಿ ಯಾವ ಕ್ರಮದಲ್ಲಿ ಬಂತೋ ಅದೇ ಕ್ರಮದಲ್ಲಿ ವಿಲೇವಾರಿ ಆಗಬೇಕು ಅನ್ನುವ ನಿಯಮ ಸಾಫ್ಟ್‌ವೇರಿನಲ್ಲೇ ಇತ್ತು. ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕಿತ್ತು. ಇದೆಲ್ಲ ಆಗಿನ ಕಾಲಕ್ಕೆ ಬಹಳ ದೊಡ್ಡ ಮಾತು.

ನಮ್ಮ ಪಾಲಿಗೆ ಬಂದದ್ದು ಟೈಪ್ ಮಾಡುವ, ತಾಳೆ ನೋಡುವ ಕೆಲಸ. ಪಿಯುಸಿ ಮುಗಿಸಿದ ಹುಡುಗ ಹುಡುಗಿಯರು ಪಾಳಿಯ ಮೇಲೆ ಕೂರುತ್ತಿದ್ದರು. ಪಹಣಿಯ ಭಾಷೆಯೇ ಬೇರೆ. "ತಿಮ್ಮೇಗೌಡ ಬಿನ್ ರಾಮೇಗೌಡ" ಅಂದರೆ ರಾಮೇಗೌಡರ ಮಗ. "ಲಕ್ಷ್ಮಮ್ಮ ಕೋಂ ಸಿದ್ದಪ್ಪ" ಅಂದರೆ ಸಿದ್ದಪ್ಪನ ಹೆಂಡತಿ. ಸರ್ವೆ ನಂಬರ್, ಹಿಸ್ಸಾ, ಮಣ್ಣಿನ ನಮೂನೆ, ಆಕಾರ (ಅಂದರೆ ಕಂದಾಯ), ಬೆಳೆ, ನೀರಿನ ಮೂಲ. ಒಂದೇ ಸಾಲಿನಲ್ಲಿ ಅಣ್ಣತಮ್ಮಂದಿರು, ವಿಧವೆ ಅತ್ತಿಗೆ, ಸಹಕಾರ ಸಂಘದ ಸಾಲದ ಭಾರ, ಎಲ್ಲ. ಒಂದು ಪಹಣಿ ನಿಧಾನವಾಗಿ ಓದಿದರೆ ಒಂದು ಮನೆತನದ ಕಥೆ ತಿಳಿಯುತ್ತಿತ್ತು. ಯಾವಾಗ ಪಾಲಾಯಿತು, ಯಾರು ಕ್ರಯಕ್ಕೆ ಕೊಟ್ಟರು, ಯಾರ ಹೆಸರು ಅಲ್ಲಿಂದ ಮರೆಯಾಯಿತು.

ಖರಾಬು ಅಂದರೇನು ಅಂತ ನನಗೆ ತಿಳಿಸಿದವರು ಒಬ್ಬ ಗ್ರಾಮ ಲೆಕ್ಕಿಗರು. "ಮೇಡಂ, ಬಂಡೆ ಇರೋ ಕಡೆ ಉಳೋಕಾಗುತ್ತಾ? ಅದಕ್ಕೆ ಕಂದಾಯ ಇಲ್ಲ. ಅದು ಅ ಖರಾಬು. ಹೊಲದ ನಡುವೆ ದಾರಿ ಇದೆ, ಹಳ್ಳ ಇದೆ. ಅದು ಎಲ್ಲರಿಗೂ ಸೇರಿದ್ದು. ಅದು ಬ ಖರಾಬು" ಅಂದರು. ಎರಡನ್ನೂ ಒಟ್ಟು ಮಾಡಿ ಒಂದೇ ಸಂಖ್ಯೆ ಹಾಕಿದರೆ ಮುಂದೆ ಊರಿನ ದಾರಿ ಯಾರದೋ ಸ್ವಂತ ಆಸ್ತಿಯಾಗಬಹುದು. ಒಂದು ಕಾಲಮ್ಮಿನ ಬೆಲೆ ಇಷ್ಟು.

ವಿಸ್ತೀರ್ಣದ ವಿಷಯವೂ ಹೇಳಲೇಬೇಕು. 40 ಗುಂಟೆಗೆ ಒಂದು ಎಕರೆ, 16 ಆಣೆಗೆ ಒಂದು ಗುಂಟೆ. ಪಹಣಿಯಲ್ಲಿ ಇದನ್ನು 2.20 ಅಂತ, ನಡುವೆ ಚುಕ್ಕಿ ಇಟ್ಟು ಬರೆಯುವ ರೂಢಿ. ನೋಡಲು ದಶಮಾಂಶದ ಹಾಗೇ ಕಾಣುತ್ತದೆ. ನಮ್ಮಲ್ಲಿ ತಾಳೆ ನೋಡಲು ಒಂದು ಸಣ್ಣ ಪ್ರೋಗ್ರಾಂ ಬರೆದ ಹುಡುಗ ಪಟ್ಟಣದಲ್ಲಿ ಬೆಳೆದವನು. ಅವನ ಪ್ರೋಗ್ರಾಂ 2.20ಕ್ಕೆ 1.30 ಕೂಡಿದರೆ 3.50 ಅಂದಿತು. ಟೈಪ್ ಮಾಡುತ್ತಿದ್ದ ಹುಡುಗಿಯೊಬ್ಬಳು ತಕ್ಷಣ ಎದ್ದು ಬಂದಳು. "ಅಣ್ಣಾ, ಐವತ್ತು ಗುಂಟೆ ಅಂತ ಎಲ್ಲಾದ್ರೂ ಇರುತ್ತಾ? ನಾಲ್ಕು ಎಕರೆ ಹತ್ತು ಗುಂಟೆ ಆಗಬೇಕಲ್ವಾ?" ಅಂದಳು. ಅವಳಿಗೆ ಪ್ರೋಗ್ರಾಂ ಬರೆಯಲು ಬರುತ್ತಿರಲಿಲ್ಲ. ಜಮೀನು ಗೊತ್ತಿತ್ತು. ಅವನು ಆ ದಿನವೇ ಸರಿಮಾಡಿದ. ಮುಂದೆ ಅವಳನ್ನು ತಾಳೆಯ ತಂಡಕ್ಕೆ ಹಾಕಿಕೊಂಡೆವು. ಡೇಟಾ ಎಂಟ್ರಿ ಮಾಡುವವರನ್ನು ಐಟಿಯವರು ತಮ್ಮವರು ಅಂತ ಎಣಿಸುವುದೇ ಇಲ್ಲ. ಸಂಬಳವೂ ಕಡಿಮೆ, ಮರ್ಯಾದೆಯೂ ಕಡಿಮೆ. ಇದು ಸರಿಯಲ್ಲ ಅಂತ ಆಗಲೂ ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ. ಇವತ್ತು ನಾವು ಮೊಬೈಲಿನಲ್ಲಿ ನೋಡುವ ಪಹಣಿಯ ಹಿಂದೆ ಆ ಮಕ್ಕಳ ಬೆರಳಿನ ದುಡಿಮೆ ಇದೆ.

ಆಮೇಲೆ ಗಾರ್ಮೆಂಟ್ಸ್. 2005ರ ಜನವರಿ 1ರಂದು ಜಗತ್ತಿನ ಬಟ್ಟೆ ವ್ಯಾಪಾರದ ಕೋಟಾ ಪದ್ಧತಿ ಮುಗಿಯಿತು. ಯಾವ ದೇಶ ಎಷ್ಟು ಬಟ್ಟೆ ಕಳಿಸಬಹುದು ಅನ್ನುವ ಮಿತಿ ಹೋಯಿತು. ಬೆಂಗಳೂರಿನ ಕಾರ್ಖಾನೆಗಳು ದೊಡ್ಡದಾಗುತ್ತಿದ್ದವು. ಪೀಣ್ಯ, ಮೈಸೂರು ರಸ್ತೆ, ಬೊಮ್ಮನಹಳ್ಳಿ, ಎಲ್ಲ ಕಡೆ ಬೆಳಿಗ್ಗೆ ಹೆಣ್ಣುಮಕ್ಕಳ ಸಾಲು. ಒಂದು ಕಾರ್ಖಾನೆಯ ಉತ್ಪಾದನೆಯ ಲೆಕ್ಕವನ್ನು ಕಂಪ್ಯೂಟರಿಗೆ ತರುವ ಕೆಲಸ ನನಗೆ ಬಂತು.

ಶರ್ಟು ಹೇಗೆ ತಯಾರಾಗುತ್ತದೆ ಅಂತ ಬಹಳ ಜನರಿಗೆ ಗೊತ್ತಿಲ್ಲ, ಸ್ವಲ್ಪ ಹೇಳುತ್ತೇನೆ. ಉದ್ದನೆಯ ಮೇಜಿನ ಮೇಲೆ ಬಟ್ಟೆಯನ್ನು ಪದರ ಪದರವಾಗಿ ಹಾಸುತ್ತಾರೆ. ಮೇಲೆ ನಕ್ಷೆ ಇಟ್ಟು ಎಲ್ಲ ಪದರಗಳನ್ನೂ ಒಟ್ಟಿಗೇ ಮಷಿನ್ನಿನಿಂದ ಕತ್ತರಿಸುತ್ತಾರೆ. ಕಾಲರುಗಳ ಒಂದು ಗುಡ್ಡೆ, ತೋಳುಗಳ ಒಂದು ಗುಡ್ಡೆ, ಬೆನ್ನಿನ ಒಂದು ಗುಡ್ಡೆ. ಆಮೇಲೆ ಒಂದೊಂದು ತುಂಡಿಗೂ ಪದರದ ನಂಬರಿನ ಪುಟ್ಟ ಚೀಟಿ ಅಂಟಿಸುತ್ತಾರೆ. ಬಂಡಲ್ ಕಟ್ಟಿ ಲೈನಿಗೆ ಕೊಡುತ್ತಾರೆ. ಅಲ್ಲಿ ಒಬ್ಬರು ಕಾಲರ್, ಒಬ್ಬರು ಪಟ್ಟಿ, ಒಬ್ಬರು ಜೇಬು ಹೊಲಿಯುತ್ತಾರೆ.

ಬಂಡಲ್ಲಿಗೆ ಬಾರ್‌ಕೋಡ್ ಬಂದ ಮೇಲೆ ಈ ಚೀಟಿಗಳ ಖರ್ಚು ಉಳಿಸಬಹುದು ಅಂತ ಯೋಜನಾ ಸಭೆಯಲ್ಲಿ ಮಾತು ಬಂತು. ಕಾಗದದ ಮೇಲೆ ಸರಿಯಾಗಿ ಕಾಣುತ್ತಿತ್ತು. ನಾನು ಕಟಿಂಗ್ ವಿಭಾಗಕ್ಕೆ ಹೋಗಿ ನಂಬರ್ ಅಂಟಿಸುತ್ತಿದ್ದ ಒಬ್ಬ ಹೆಂಗಸಿನ ಪಕ್ಕ ನಿಂತು ಕೇಳಿದೆ. ಅವರು ಎರಡು ತುಂಡು ಬಟ್ಟೆ ತಗೊಂಡು ಕಿಟಕಿಯ ಬೆಳಕಿಗೆ ಹಿಡಿದರು. "ನೋಡಿ ಮೇಡಂ, ಎರಡೂ ನೀಲಿನೇ. ಬೇರೆ ಬೇರೆ ರೋಲು. ಒಳಗಿನ ಲೈಟಲ್ಲಿ ಗೊತ್ತಾಗಲ್ಲ. ಒಂದರ ಕಾಲರ್ ಇನ್ನೊಂದಕ್ಕೆ ಹೊಲಿದರೆ ಹೊರಗೆ ಹೋದ ಮೇಲೆ ಶರ್ಟು ಎರಡು ಬಣ್ಣ ಕಾಣುತ್ತೆ" ಅಂದರು. ಬಣ್ಣ ಹಾಕುವಾಗ ಪ್ರತಿ ರೋಲಿಗೂ ಸ್ವಲ್ಪ ಸ್ವಲ್ಪ ವ್ಯತ್ಯಾಸ ಬರುತ್ತದೆ. ಒಂದೇ ಪದರದಿಂದ ಬಂದ ತುಂಡುಗಳೇ ಒಂದು ಶರ್ಟಿಗೆ ಸೇರಬೇಕು. ಚೀಟಿ ಇರುವುದು ಅದಕ್ಕೆ. ನಾನು ಅದನ್ನೇ ಸಭೆಯಲ್ಲಿ ಹೇಳಿದೆ, ಇಂಥವರು ತಿಳಿಸಿದರು ಅಂತ ಅವರ ಹೆಸರು ಹಿಡಿದು ಹೇಳಿದೆ. ಚೀಟಿ ಉಳಿಯಿತು.

ಅದೇ ಕಾರ್ಖಾನೆಯಲ್ಲಿ ಇನ್ನೊಂದು ವಿಷಯಕ್ಕೆ ತುಂಬಾ ಹೊಡೆದಾಡಿದೆ. ಗಂಟೆಗೆ ಎಷ್ಟು ಪೀಸ್ ಆಯಿತು ಅನ್ನುವ ವರದಿ ಲೈನಿನ ಪ್ರಕಾರ ಬರಬೇಕಿತ್ತು. ಮೊದಲು ಕೊಟ್ಟ ನಮೂನೆಯಲ್ಲಿ ಟಾರ್ಗೆಟ್ ಒಂದು ಕಾಲಂ, ಆದದ್ದು ಒಂದು ಕಾಲಂ, ಕಡಿಮೆಯಾದದ್ದು ಕೆಂಪು ಬಣ್ಣದಲ್ಲಿ. ಆ ಕೆಂಪು ಹಿಡಿದುಕೊಂಡು ಸೂಪರ್‌ವೈಸರ್ ಯಾರ ಮೇಲೆ ಕೂಗಾಡುತ್ತಾರೆ ಅಂತ ನಾನು ಕಣ್ಣಾರೆ ನೋಡಿದ್ದೆ. ಆದರೆ ಪೀಸ್ ಕಡಿಮೆಯಾಗಲು ಕಾರಣ ಎಷ್ಟೋ. ಕಟಿಂಗಿನಿಂದ ಬಂಡಲ್ ಬಂದಿಲ್ಲ, ಮಷಿನ್ ಕೆಟ್ಟಿದೆ, ಕರೆಂಟ್ ಹೋಗಿದೆ, ಹೊಸ ಸ್ಟೈಲ್ ಶುರುವಾಗಿ ಕೈ ಕೂಡಿಲ್ಲ. ಕಾರಣಕ್ಕೂ ಒಂದು ಕಾಲಂ ಇರಲೇಬೇಕು ಅಂತ ಪಟ್ಟು ಹಿಡಿದೆ. ತಿಂಗಳುಗಟ್ಟಲೆ ವಾದ ಆದ ಮೇಲೆ ಬಂತು. ಆಮೇಲೆ ನೋಡಿದರೆ ನಷ್ಟದ ಹೆಚ್ಚಿನ ಪಾಲು ಬಂಡಲ್ ತಡವಾಗಿ ಬಂದದ್ದರಿಂದ ಆಗಿತ್ತು. ಹೊಲಿಯುವವರಿಂದ ಅಲ್ಲ. ನಾನು ಬರೆದ ಎಲ್ಲ ಪ್ರೋಗ್ರಾಂಗಳಲ್ಲಿ ಆ ಒಂದು ಕಾಲಮ್ಮಿನ ಮೇಲೆ ನನಗೆ ವಿಶೇಷ ಪ್ರೀತಿ.

2008ರ ಸೆಪ್ಟೆಂಬರಿನಲ್ಲಿ ಅಮೆರಿಕದ ಲೇಮನ್ ಬ್ರದರ್ಸ್ ಬ್ಯಾಂಕು ಮುಳುಗಿತು. ಆರ್ಡರ್‌ಗಳು ಇಳಿದವು, ನನ್ನ ಕೆಲಸವೂ ಹೋಯಿತು. ಕೆಲಸ ಹುಡುಕುವಾಗ ಆದ ಬೇಸರವನ್ನು ಹೇಳದೆ ಇರಲಾರೆ. ಸಂದರ್ಶನಕ್ಕೆ ಹೋದ ಕಡೆಯಲ್ಲೆಲ್ಲ ಒಂದೇ ಪ್ರಶ್ನೆ. ಈ ಟೂಲ್ ಎಷ್ಟು ವರ್ಷ, ಆ ವರ್ಶನ್ ಎಷ್ಟು ವರ್ಷ. ಬ್ಯಾಂಕಿನ ಲೆಡ್ಜರ್ ಗೊತ್ತಾ, ವಿಮೆ ಗೊತ್ತಾ, ಕಾರ್ಖಾನೆ ಗೊತ್ತಾ ಅಂತ ಒಬ್ಬರೂ ಕೇಳಲಿಲ್ಲ. ಇಷ್ಟು ಬೇರೆ ಬೇರೆ ಕಡೆ ಯಾಕೆ ಮಾಡಿದ್ದೀರಿ, ಒಂದು ಕಡೆ ನಿಲ್ಲುವುದಿಲ್ಲವಾ ಅಂತ ಕೇಳಿದವರಿದ್ದರು. ಕೋಡ್ ಬರೆಯುವುದನ್ನು ಬಿಟ್ಟು ಮ್ಯಾನೇಜರ್ ಆಗದಿದ್ದರೆ ಬೆಳೆದಿಲ್ಲ ಅಂತ ಎಣಿಸುವ ಪದ್ಧತಿ ನಮ್ಮಲ್ಲಿ ಬಲವಾಗಿ ಬೇರೂರಿದೆ. ಅದರಿಂದ ಎಷ್ಟು ಒಳ್ಳೆಯ ಕೆಲಸಗಾರರನ್ನು ನಾವು ಕಳೆದುಕೊಂಡಿದ್ದೇವೆ ಅಂತ ಯೋಚಿಸಿದರೆ ಸಂಕಟವಾಗುತ್ತದೆ.

ಕೊನೆಗೆ ಕೆಲಸ ಕೊಟ್ಟದ್ದು ಮತ್ತೆ ಬ್ಯಾಂಕೇ. ಕೋರ್ ಬ್ಯಾಂಕಿಂಗ್, ಅಂದರೆ ಎಲ್ಲ ಶಾಖೆಗಳ ಖಾತೆಯನ್ನೂ ಒಂದೇ ಕಡೆ ಇಡುವ ಸಾಫ್ಟ್‌ವೇರ್, ನೋಡಿಕೊಳ್ಳುವ ತಂಡ. ಅಲ್ಲಿ ಇದ್ದಾಗಲೇ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಬಂತು. 2010ರ ಏಪ್ರಿಲ್ 1ರಿಂದ ಉಳಿತಾಯ ಖಾತೆಗೆ ದಿನದ ಬಾಕಿಯ ಮೇಲೆ ಬಡ್ಡಿ. ದರ ಆಗ ಶೇಕಡ 3.5. ಹತ್ತನೇ ತಾರೀಖಿನ ಲೆಕ್ಕ ಅಲ್ಲಿಗೆ ಮುಗಿಯಿತು. ಆ ಹಳೆಯ ನಿಯಮದ ಕೋಡ್ ತೆಗೆಯುವ ಕೆಲಸ ನಾನೇ ಕೇಳಿ ತಗೊಂಡೆ. ತಂಡದ ಹುಡುಗರಿಗೆ ಹತ್ತು ಅನ್ನುವ ಸಂಖ್ಯೆ ಅಲ್ಲಿ ಯಾಕಿದೆ ಅಂತ ಗೊತ್ತಿರಲಿಲ್ಲ. ಕೂತು ಹೇಳಿದೆ. ಲೆಡ್ಜರ್ ಹೇಗಿತ್ತು, ಗುಮಾಸ್ತರು ಹೇಗೆ ಬರೆಯುತ್ತಿದ್ದರು, ಒಂದು ಶಾಖೆಯಲ್ಲಿ ಸಾವಿರಾರು ಖಾತೆಗೆ ದಿನದಿನದ ಬಡ್ಡಿ ಕೈಯಲ್ಲಿ ಲೆಕ್ಕ ಹಾಕುವುದು ಹೇಗೆ ಅಸಾಧ್ಯವಾಗಿತ್ತು ಅಂತ. ಬಡವರ ಸಣ್ಣ ಉಳಿತಾಯಕ್ಕೆ ನ್ಯಾಯವಾದ ಬಡ್ಡಿ ಕೊಡಲು ಕಂಪ್ಯೂಟರಿನಿಂದಲೇ ಆಯಿತು. ಆ ಬದಲಾವಣೆಯಲ್ಲಿ ನನ್ನದೂ ಸಣ್ಣ ಪಾಲು ಇದೆ ಅನ್ನುವುದು ನನಗೆ ದೊಡ್ಡ ಸಮಾಧಾನ.

ಅದರ ನಂತರದ ವರ್ಷಗಳ ಬಗ್ಗೆ ಬರೆಯಲು ನನಗೆ ಅಷ್ಟು ಇಲ್ಲ. ಕ್ಲೌಡ್ ಬಂತು. ಯುಪಿಐ 2016ರಲ್ಲಿ ಬಂತು, ತರಕಾರಿ ಗಾಡಿಯವರೂ ಕ್ಯೂಆರ್ ಕೋಡ್ ಇಟ್ಟರು. 2020ರಲ್ಲಿ ಲಾಕ್‌ಡೌನ್ ಆದಾಗ ಅಡುಗೆಮನೆಯ ಮೇಜೇ ಆಫೀಸಾಯಿತು. ಕಲಿತದ್ದು ಬಹಳ, ಆದರೆ ಎಲ್ಲ ಪರದೆಯ ಮೇಲೆ. ಬಳಸುವವರ ಮುಖ ನೋಡುವುದು ಕಡಿಮೆಯಾಯಿತು. ಅವರ ಬೇಡಿಕೆ ಇನ್ನೊಬ್ಬರ ಮೂಲಕ ಟಿಕೆಟ್, ಅಂದರೆ ಕಂಪ್ಯೂಟರಿನಲ್ಲಿ ದಾಖಲಾದ ಕೋರಿಕೆ, ಆಗಿ ಬರುತ್ತಿತ್ತು. ಸಂಬಳ ಅತಿ ಹೆಚ್ಚು ಸಿಕ್ಕಿದ ಕಾಲ ಅದು, ಕೆಲಸದ ಸುಖ ಕಡಿಮೆ ಇದ್ದ ಕಾಲವೂ ಹೌದು.

ಈಗ ನಿವೃತ್ತಿಯಾಗಿದೆ. ಎಐ ಬಂದಿದೆ. ಹಳೆಯ ಕೋಬಾಲ್ ಕೊಟ್ಟರೆ ಅದು ಸಾಲು ಸಾಲಾಗಿ ವಿವರಿಸುತ್ತದೆ, ನಾನು ಪ್ರಯತ್ನಿಸಿ ನೋಡಿದ್ದೇನೆ. ನಮ್ಮ ಕಾಲದಲ್ಲಿ ಇದ್ದಿದ್ದರೆ ಎಷ್ಟು ರಾತ್ರಿಗಳ ನಿದ್ದೆ ಉಳಿಯುತ್ತಿತ್ತು! ಕೆಲಸಕ್ಕೆ ಹೊಸದಾಗಿ ಸೇರಿದ ಮಕ್ಕಳಿಗೆ ಭಯ ಇದೆ, ಅದು ಸಹಜ. ಮಲೆನಾಡಿನ ಶಾಖೆಯಲ್ಲಿ ನನ್ನನ್ನು ಕೇಳಿದ ಪ್ರಶ್ನೆಯನ್ನೇ ಅವರು ಕೇಳುತ್ತಿದ್ದಾರೆ. ಈಗಲೂ ನನ್ನ ಬಳಿ ಪೂರ್ತಿ ಉತ್ತರ ಇಲ್ಲ. ಇಷ್ಟು ಮಾತ್ರ ಹೇಳುತ್ತೇನೆ. ಕೋಡಿನಲ್ಲಿ 99 ಇದೆ ಅಂತ ಯಂತ್ರ ಓದುತ್ತದೆ. ಅದು ಇಸವಿಯಾ, ಆಜೀವ ಪಾಲಿಸಿಯಾ ಅಂತ ಬಲ್ಲವರನ್ನು ಹುಡುಕಿ ಫೋನ್ ಮಾಡಬೇಕಾದವರು ನೀವು. ಅವಕಾಶ ಸಿಕ್ಕಿದಾಗಲೆಲ್ಲ ಆಫೀಸಿನಿಂದ ಎದ್ದು, ನಿಮ್ಮ ಪ್ರೋಗ್ರಾಂ ಬಳಸುವವರ ಪಕ್ಕ ಹೋಗಿ ಕೂರಿ.

ಸದ್ಯ ನಾನು ನಮ್ಮೂರಿನ ಕಡೆಯ ಒಂದು ವ್ಯವಸಾಯ ಸೇವಾ ಸಹಕಾರ ಸಂಘಕ್ಕೆ ನೆರವಾಗುತ್ತಿದ್ದೇನೆ. ಇಂಥ ಸಂಘಗಳ ಚರಿತ್ರೆ ನಮ್ಮ ರಾಜ್ಯದಲ್ಲಿ ಹಳೆಯದು. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಗದಗದ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಶುರುವಾಯಿತು, ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ. 2022ರಲ್ಲಿ ಕೇಂದ್ರ ಸರ್ಕಾರ ದೇಶದ 63,000 ಸಂಘಗಳ ಗಣಕೀಕರಣಕ್ಕೆ ಒಪ್ಪಿಗೆ ಕೊಟ್ಟಿತು. ಕೈಬರಹದ ಪುಸ್ತಕಗಳು ಈಗ ಕಂಪ್ಯೂಟರಿಗೆ ಬರುತ್ತಿವೆ. ಬೆಳೆ ಸಾಲ, ಬಂಗಾರದ ಸಾಲ, ಪಿಗ್ಮಿ, ಗೊಬ್ಬರ ಮಾರಾಟ, ರೇಷನ್ ಅಂಗಡಿ, ಎಲ್ಲ ಒಂದೇ ಸೂರಿನಡಿ. ಇಷ್ಟು ಬಗೆಯ ಲೆಕ್ಕ ಒಟ್ಟಿಗೆ ಇರುವ ಇನ್ನೊಂದು ಜಾಗ ನಾನು ನೋಡಿಲ್ಲ. ಅಲ್ಲಿನ ಕಾರ್ಯದರ್ಶಿಗಳು ಎಲ್ಲವನ್ನೂ ಇಬ್ಬರು ಸಿಬ್ಬಂದಿಯ ಜೊತೆ ನಡೆಸುತ್ತಾರೆ.

ಹಳೆಯ ಪುಸ್ತಕ ಮುಚ್ಚಿ ಹೊಸದಕ್ಕೆ ಬಾಕಿ ಇಳಿಸಲು ಒಂದು ದಿನ ಗೊತ್ತು ಮಾಡಬೇಕು. ಜೊತೆಗೆ ಕೆಲಸ ಮಾಡುವ ತಂಡದ ಯುವಕರು ಮಾರ್ಚ್ 31 ಅಂತ ಹೇಳಿದ್ದರು. ಲೆಕ್ಕದ ವರ್ಷದ ಕೊನೆ, ಪುಸ್ತಕದ ಪ್ರಕಾರ ಸರಿ. ಕಾರ್ಯದರ್ಶಿಗಳು ಕೈಮುಗಿದರು. "ಮಾರ್ಚ್ ಬೇಡ ಮೇಡಂ. ಸಾಲ ಕಟ್ಟಿ ನವೀಕರಣ ಮಾಡಿಸೋರು ಬಾಗಿಲ ತನಕ ನಿಂತಿರ್ತಾರೆ. ಒಂದು ದಿನ ತಡ ಆದರೆ ಬಡ್ಡಿ ರಿಯಾಯಿತಿ ಹೋಗುತ್ತೆ. ಜೂನ್ ಅಂದರೆ ಗೊಬ್ಬರ, ಬೀಜ. ಸೆಪ್ಟೆಂಬರಲ್ಲಿ ಮಹಾಸಭೆ. ಅಡಿಕೆ ಕೊಯ್ಲು ಶುರುವಾದರೆ ಯಾರೂ ಕೈಗೆ ಸಿಗಲ್ಲ" ಅಂದರು. ನಾನು ಎಲ್ಲವನ್ನೂ ಒಂದು ಪುಟದಲ್ಲಿ ಬರೆದು, ತಿಂಗಳ ಪ್ರಕಾರ ಸಂಘದಲ್ಲಿ ಏನೇನು ನಡೆಯುತ್ತದೆ ಅಂತ ತಂಡಕ್ಕೆ ಕಳಿಸಿದೆ. ಇಬ್ಬರು ಬಂದು ಒಂದು ದಿನ ಸಂಘದಲ್ಲೇ ಕೂತು ಹೋದರು. ಈಗ ದಿನ ಗೊತ್ತಾಗಿದೆ, ಮಹಾಸಭೆ ಮುಗಿದು ಕೊಯ್ಲು ಶುರುವಾಗುವ ಮೊದಲಿನ ಒಂದು ಶನಿವಾರ. ಅದಕ್ಕೆ ಮುಂಚೆ ಪಿಗ್ಮಿ ಸಂಗ್ರಹ ಮಾಡುವವರ ಜೊತೆ ಒಂದು ಸುತ್ತು ಹೋಗಬೇಕಿದೆ. ಅವರ ಪುಸ್ತಕದಲ್ಲಿ ಪೆನ್ಸಿಲಿನಲ್ಲಿ ಹಾಕುವ ಗುರುತುಗಳು ಏನು ಅಂತ ನನಗೆ ಇನ್ನೂ ಅರ್ಥವಾಗಿಲ್ಲ.